ಅಗಲಿದ ಹಿರಿಯರು ಮತ್ತು ನಮ್ಮ ಋಣ

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಬರುವ ಬಾಬು ಒಂದುಂಟು. ಕಾರ್ಯದರ್ಶಿಗಳು ಎದ್ದು ನಿಂತು, ಆ ವರ್ಷ ನಮ್ಮನ್ನಗಲಿದ ಸದಸ್ಯರ ಹೆಸರುಗಳನ್ನು ಓದುತ್ತಾರೆ. ನಾವೆಲ್ಲರೂ ಎದ್ದು ಮೌನ ಆಚರಿಸುತ್ತೇವೆ. ಎರಡು ನಿಮಿಷವೆಂದು ಹೇಳುವುದು ವಾಡಿಕೆ; ಮುಕ್ಕಾಲು ನಿಮಿಷವಾಗುವಷ್ಟರಲ್ಲಿ ಯಾರೋ ಕೆಮ್ಮುತ್ತಾರೆ, ಎಲ್ಲರೂ ಕುಳಿತುಕೊಳ್ಳುತ್ತೇವೆ. ಮುಂದೆ ಹಿಂದಿನ ಸಭೆಯ ನಡವಳಿ, ಜಮಾಖರ್ಚು, ಹೊಸ ಸಮಿತಿಯ ಆಯ್ಕೆ, ಕಾಫಿ. ಇದರಲ್ಲಿ ತಪ್ಪೇನೂ ಇಲ್ಲ; ಬದುಕಿರುವವರಿಗೆ ಕೆಲಸವಿದೆ. ಆದರೆ ನಮ್ಮ ನಡುವೆ ಮೂವತ್ತು ನಲವತ್ತು ವರ್ಷ ಓಡಾಡಿಕೊಂಡಿದ್ದ ಒಬ್ಬ ಮನುಷ್ಯನಿಗೆ ನಾವು ಸಲ್ಲಿಸಬೇಕಾದದ್ದು ಇಷ್ಟೇಯೆ? ಅಥವಾ ಇಷ್ಟೂ ಬೇಕಾಗಿಲ್ಲವೆ? ಇಲ್ಲ, ಇನ್ನೇನಾದರೂ ಉಂಟೆ? ಈ ಪ್ರಶ್ನೆಯನ್ನು ಓದುಗ ಬಾಂಧವರ ಮುಂದಿಟ್ಟು, ನನಗೆ ತೋಚಿದಷ್ಟನ್ನು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಸಂತಾಪ ನಿರ್ಣಯಗಳ ಭಾಷೆಯನ್ನೇ ನೋಡೋಣ. ದಿವಂಗತರು ಸರಳ ಸಜ್ಜನರು, ಸ್ನೇಹಜೀವಿಗಳು, ಸಂಘದ ಏಳ್ಗೆಗಾಗಿ ಅಹರ್ನಿಶಿ ದುಡಿದವರು. ಅವರ ನಿಧನದಿಂದ ತುಂಬಲಾರದ ನಷ್ಟವಾಗಿದೆ. ಅವರ ಆತ್ಮಕ್ಕೆ ಭಗವಂತನು ಚಿರಶಾಂತಿಯನ್ನು ಕರುಣಿಸಲಿ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಇದನ್ನು ಅಚ್ಚು ಹಾಕಿಸಿಟ್ಟುಕೊಂಡರೂ ನಡೆಯುತ್ತದೆ. ಎಲ್ಲರಿಗೂ ಒಪ್ಪುವ ಮಾತು ಯಾರನ್ನೂ ನೆನಪಿಗೆ ತಾರದು. ಈ ದೋಷ ನಮ್ಮೊಬ್ಬರದೇ ಅಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಪ್ಲೇಟೋ ಬರೆದ 'ಮೆನೆಕ್ಸೆನಸ್' ಎಂಬ ಸಂವಾದದಲ್ಲಿ ಸಾಕ್ರೆಟೀಸನು ಇದನ್ನೇ ಹಾಸ್ಯ ಮಾಡುತ್ತಾನೆ: ಯುದ್ಧದಲ್ಲಿ ಸತ್ತವನು ಎಂಥವನೇ ಆಗಿರಲಿ, ಮೊದಲೇ ಸಿದ್ಧಪಡಿಸಿಟ್ಟ ಹೊಗಳಿಕೆ ಅವನಿಗೆ ದೊರೆಯುತ್ತದೆ, ಕೇಳಿದ ತನಗೂ ಮೂರು ದಿನಕ್ಕೆ ಕಡಿಮೆಯಿಲ್ಲದಂತೆ ತಾನೇ ದೊಡ್ಡವನಾದ ಹಾಗೆ ಅನಿಸುತ್ತದೆ ಎಂದು.

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಸರ್ವಿಸ್ ಬುಕ್ಕುಗಳು, ಪಿಂಚಣಿ ಕಾಗದಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಒಬ್ಬ ಮನುಷ್ಯನ ಜನ್ಮದಿನಾಂಕ, ಎತ್ತರ, ಮೈಮೇಲಿನ ಮಚ್ಚೆ, ಸೇರಿದ ದಿನ, ವೇತನ ಬಡ್ತಿ, ಪಡೆದ ರಜೆ, ನಿವೃತ್ತಿ ಎಲ್ಲವೂ ಅದರಲ್ಲಿರುತ್ತದೆ. ಆ ಮನುಷ್ಯನೊಬ್ಬ ಇರುವುದಿಲ್ಲ. ಪಿಂಚಣಿದಾರರು ಪ್ರತಿ ವರ್ಷ ನವೆಂಬರ್ ಸುಮಾರಿಗೆ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಬದುಕಿದ್ದೇನೆ ಎನ್ನುವುದಕ್ಕೆ ಇಷ್ಟು ಬಿಗಿಯಾದ ವ್ಯವಸ್ಥೆ ಇರುವಾಗ, ಬದುಕಿದ್ದರು ಎನ್ನುವುದಕ್ಕೆ ಸಾಕ್ಷಿ ಹೇಳುವವರು ಯಾರು ಎಂದು ಆ ಕಾಗದಗಳನ್ನು ತಿರುವುವಾಗ ಅನಿಸುವುದುಂಟು.

ಮಕ್ಕಳಿದ್ದಾರಲ್ಲ ಎಂದು ತಾವು ಹೇಳಬಹುದು. ಊರಿನಲ್ಲಾದರೆ ಆ ಮಾತು ಸಲ್ಲುತ್ತದೆ. ಅಲ್ಲಿ ಮಕ್ಕಳು ಮರೆತರೂ ನೆಲ ಮರೆಯುವುದಿಲ್ಲ. ಇಂಥವರು ತೋಡಿಸಿದ ಬಾವಿ, ಇಂಥವರು ನೆಟ್ಟ ಹಲಸು, ಶಾನುಭೋಗರ ಮನೆ ಓಣಿ ಎಂದು ಹೆಸರುಗಳು ನೆಲಕ್ಕೇ ಅಂಟಿಕೊಂಡಿರುತ್ತವೆ. ವಲಸೆ ಬಂದವರ ಗತಿ ಬೇರೆ. ಮಾಂಬಲದ ಬಾಡಿಗೆ ಮನೆಯಲ್ಲಿ ಒಬ್ಬರು ಮೂವತ್ತು ವರ್ಷ ಸಂಸಾರ ಮಾಡಿರಲಿ, ಅವರು ಹೋದ ತಿಂಗಳೊಳಗೆ ಸುಣ್ಣ ಬಳಿದು ಬೇರೆಯವರಿಗೆ ಕೊಟ್ಟಾಗಿರುತ್ತದೆ. ಆಮೇಲೆ ಆ ಮನೆಯೇ ಹೋಗಿ ಅಪಾರ್ಟ್‌ಮೆಂಟು ಏಳುತ್ತದೆ. ಅವರ ಮಾತು ಆ ಬೀದಿಯ ಮಾತಾಗಿರಲಿಲ್ಲ. ಆದ್ದರಿಂದ ಬೀದಿಗೂ ಅವರ ನೆನಪಿಲ್ಲ. ಬಿಟ್ಟುಬಂದ ಊರಿನಲ್ಲಿ ಅವರನ್ನು ಬಲ್ಲವರು ಆಗಲೇ ತೀರಿಹೋಗಿರುತ್ತಾರೆ. ಹೀಗೆ ಎರಡು ಊರುಗಳ ನಡುವೆ ಒಂದು ಬಾಳು ಜಾರಿಹೋಗುತ್ತದೆ. ನಮ್ಮ ಪ್ರಶ್ನೆ ನಮಗೆ ವಿಶೇಷವಾಗಿ ತಗಲುವುದು ಇಲ್ಲಿ.

ಈ ಊರಿಗೂ ಕನ್ನಡಿಗರಿಗೂ ಇರುವ ಸಂಬಂಧ ನಿನ್ನೆ ಮೊನ್ನೆಯದಲ್ಲ. ಊರಿನ ಹೆಸರು 1996ರಲ್ಲಿ ಚೆನ್ನೈ ಆಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ಕೊನೆಯವರೆಗೂ ಮದರಾಸೇ. ಬಳ್ಳಾರಿಯವರಿಗೆ 1953ರವರೆಗೆ, ದಕ್ಷಿಣ ಕನ್ನಡದವರಿಗೆ 1956ರವರೆಗೆ ಇದು ಪರಸ್ಥಳವಾಗಿರಲಿಲ್ಲ. ಅವರ ರಾಜಧಾನಿಯೇ ಆಗಿತ್ತು. ಹೈಕೋರ್ಟಿನ ವ್ಯಾಜ್ಯಕ್ಕೂ ಕಾಲೇಜಿನ ಓದಿಗೂ ಇಲ್ಲಿಗೇ ಬರಬೇಕಿತ್ತು. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಓದಲು ಬಂದದ್ದು ಇಲ್ಲಿಯ ಕ್ರಿಶ್ಚಿಯನ್ ಕಾಲೇಜಿಗೆ. ಅವರಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದೂ ಮದರಾಸು ಸರ್ಕಾರವೇ. ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ವೈದ್ಯರಾಗಿ ಹೆಸರು ಮಾಡಿದ ಡಾ. ಯು. ರಾಮರಾಯರು ಮದರಾಸು ವಿಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಅವರ ಮಗ ಯು. ಕೃಷ್ಣರಾಯರು 1957ರಿಂದ 1961ರವರೆಗೆ ವಿಧಾನಸಭೆಯ ಸ್ಪೀಕರಾಗಿದ್ದರು. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳು 1968ರಿಂದ 1971ರ ನಡುವೆ ಹೊರಬಂದದ್ದು ಮದರಾಸು ವಿಶ್ವವಿದ್ಯಾಲಯದಿಂದ. ಕನ್ನಡ ಚಿತ್ರರಂಗವೋ, ಎಪ್ಪತ್ತರ ದಶಕದವರೆಗೂ ಹೆಚ್ಚಾಗಿ ಕೋಡಂಬಾಕಂ, ವಡಪಳನಿಗಳ ಸ್ಟುಡಿಯೋಗಳಲ್ಲೇ ಬೆಳೆಯಿತು.

ಈ ದೊಡ್ಡ ಹೆಸರುಗಳನ್ನು ಪುಸ್ತಕಗಳು ನೋಡಿಕೊಳ್ಳುತ್ತವೆ. ಆದರೆ ಸ್ಟುಡಿಯೋದಲ್ಲಿ ಬಟ್ಟೆ ಹೊಲಿದವರು, ಹಿನ್ನೆಲೆಯಲ್ಲಿ ಪಿಟೀಲು ನುಡಿಸಿದವರು, ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಕೆಲಸಕ್ಕೆ ಬಂದವರು, ಬ್ಯಾಂಕಿಗೆ, ಅಂಚೆ ಕಚೇರಿಗೆ ವರ್ಗವಾಗಿ ಬಂದು ಇಲ್ಲೇ ನಿಂತವರು, ಟ್ರಿಪ್ಲಿಕೇನಿನ ಮ್ಯಾನ್ಷನ್ನುಗಳಲ್ಲಿ ನಾಲ್ವರು ಒಂದು ಕೋಣೆ ಹಂಚಿಕೊಂಡು ಊರಿಗೆ ಹಣ ಕಳಿಸಿದವರು, 1964ರಿಂದ ಓಡಾಡುತ್ತಿರುವ ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವುದನ್ನೇ ಹಬ್ಬವೆಂದು ತಿಳಿದವರು - ಇವರನ್ನು ಯಾವ ಪುಸ್ತಕವೂ ನೋಡಿಕೊಳ್ಳುವುದಿಲ್ಲ. ಆ ತಲೆಮಾರು ಈಗ ಒಬ್ಬೊಬ್ಬರಾಗಿ ಹೊರಡುತ್ತಿದೆ. 2015ರ ಡಿಸೆಂಬರಿನ ನೆರೆಯಲ್ಲಿ ಅಡ್ಯಾರು ನದಿ ಉಕ್ಕಿದಾಗ, ನೆಲಮಹಡಿಯ ಮನೆಗಳಲ್ಲಿದ್ದ ಎಷ್ಟೋ ಆಲ್ಬಮ್ಮುಗಳೂ ಕಾಗದಪತ್ರಗಳೂ ಕೆಸರಾದವು. 2020, 2021ರ ಕೊರೋನಾ ಕಾಲದಲ್ಲಿ ಹೋದವರಿಗಂತೂ ಹೆಗಲು ಕೊಡುವವರೂ ಸಿಗಲಿಲ್ಲ. ಸಭೆಯಿಲ್ಲ, ಮೌನವಿಲ್ಲ, ನಿರ್ಣಯವೂ ಇಲ್ಲ. ಆ ಎರಡು ವರ್ಷಗಳ ಬಾಕಿ ನಮ್ಮ ಮೇಲೆ ಇನ್ನೂ ಇದೆ ಎಂದೇ ನಾನು ಬಗೆಯುತ್ತೇನೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸತ್ತವರಿಗೆ ಇದರಿಂದ ಏನು? ಅವರಿಗೆ ತಿಳಿಯುವುದಿಲ್ಲ, ಕೇಳಿಸುವುದಿಲ್ಲ. ನೆನೆಯುವುದು ನಮ್ಮ ಸಮಾಧಾನಕ್ಕೆ ತಾನೆ? ವಿಜ್ಞಾನ ಓದಿದವನಾದ ನನಗೂ ಈ ವಾದ ಹಗುರವೆಂದು ತೋರುವುದಿಲ್ಲ. ಅರಿಸ್ಟಾಟಲನೂ ತನ್ನ ನೀತಿಶಾಸ್ತ್ರದ ಮೊದಲ ಭಾಗದಲ್ಲಿ, ಮಕ್ಕಳ ಹಾಗೂ ಸ್ನೇಹಿತರ ಏಳುಬೀಳುಗಳು ಸತ್ತವನಿಗೆ ತಟ್ಟುತ್ತವೆಯೆ ಎಂದು ಚರ್ಚಿಸಿ, ತಟ್ಟಿದರೂ ಅತ್ಯಲ್ಪ ಎಂದು ಮುಗಿಸುತ್ತಾನೆ.

ಆದರೆ ನಿತ್ಯ ಜೀವನದ ಒಂದು ಸಂಗತಿಯನ್ನು ಗಮನಿಸಿ. ಸಾಯುವವರೊಬ್ಬರು ನಮ್ಮ ಕೈ ಹಿಡಿದು, ನನ್ನ ಪುಸ್ತಕಗಳನ್ನು ಊರಿನ ಶಾಲೆಗೆ ತಲುಪಿಸು ಎನ್ನುತ್ತಾರೆ. ಆಗಲಿ ಎನ್ನುತ್ತೇವೆ. ಅವರು ಹೋದ ಮೇಲೆ ಪುಸ್ತಕಗಳನ್ನು ರದ್ದಿಗೆ ಹಾಕಿದರೆ ಅವರಿಗೇನೂ ನೋವಾಗದು, ಯಾರಿಗೂ ತಿಳಿಯದು. ಆದರೂ ಅದು ಸರಿಯೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅಂದಮೇಲೆ ಕರ್ತವ್ಯವೆಂಬುದು ಎದುರಿನವರಿಗೆ ನೋವಾಗುವುದರಿಂದ ಮಾತ್ರ ಹುಟ್ಟುವುದಲ್ಲ. ಕೊಟ್ಟ ಮಾತು, ಪಡೆದ ಉಪಕಾರ ಇವುಗಳಿಂದಲೂ ಹುಟ್ಟುತ್ತದೆ. ಉಪಕಾರ ಮಾಡಿದವರು ಹೋದರೆಂದು ಋಣ ಹೋಗುವುದಿಲ್ಲ. ಅದನ್ನು ಪಡೆಯಲು ಅವರಿಲ್ಲ ಎಂಬುದಷ್ಟೇ ವ್ಯತ್ಯಾಸ. ನಾವು ಕುಳಿತು ನಾಟಕ ನೋಡುವ ಸಭಾಂಗಣದ ಇಟ್ಟಿಗೆಗೆ ಮನೆಮನೆ ತಿರುಗಿ ಚಂದಾ ಎತ್ತಿದವರನ್ನು ನಾವು ನೋಡಿಲ್ಲದಿರಬಹುದು. ಕುರ್ಚಿಯಲ್ಲಂತೂ ಕುಳಿತಿದ್ದೇವೆ.

ಇನ್ನೊಂದು ಮಾತು. ಒಬ್ಬ ಮನುಷ್ಯನ ಬಗ್ಗೆ ಸುಳ್ಳು ಹರಡಿದರೆ, ಅವನು ಸತ್ತಿದ್ದರೂ ಅದು ಅನ್ಯಾಯವೆಂದೇ ನಾವು ತಿಳಿಯುತ್ತೇವೆ. ಸುಳ್ಳು ಹೇಳುವುದು ಸತ್ತವನಿಗೆ ಮಾಡುವ ಅನ್ಯಾಯವಾದರೆ, ನಿಜವನ್ನು ಹೇಳುವುದು ಅವನಿಗೆ ಸಲ್ಲಬೇಕಾದ ನ್ಯಾಯ. ಹೀಗೆಂದೇ ನನ್ನ ಪ್ರಶ್ನೆ 'ನೆನೆಯಬೇಕೆ?' ಎಂಬಲ್ಲಿಂದ 'ಹೇಗೆ ನೆನೆಯಬೇಕು?' ಎಂಬಲ್ಲಿಗೆ ಬರುತ್ತದೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನಷ್ಟು ವೀರಗಲ್ಲುಗಳು ಇರುವ ನಾಡು ಅಪರೂಪ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು, ಊರಿಗೆ ನುಗ್ಗಿದವರೊಡನೆ ಕಾದಿ ಸತ್ತವನು, ಹುಲಿಯೊಡನೆ ಹೋರಾಡಿ ಸತ್ತವನು - ಇವರಿಗೆಲ್ಲ ಕಲ್ಲು ನಿಲ್ಲಿಸಿದರು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತು. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು. ಕೆಳಗೆ ಅವನು ಮಾಡಿದ ಕಾರ್ಯ. ಮೇಲಿನ ಎರಡು ಅಂತಸ್ತು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಕೆಳಗಿನದು ಮಾತ್ರ ಅವನೊಬ್ಬನದೇ: ದನವೋ, ಹುಲಿಯೋ, ಕುದುರೆಯೋ ಅಲ್ಲಿ ಕಾಣುತ್ತದೆ. ನಮ್ಮ ಸಂತಾಪ ನಿರ್ಣಯಗಳಿಗೆ ಮೇಲಿನ ಎರಡು ಅಂತಸ್ತುಗಳಿವೆ, ಕೆಳಗಿನದು ಇಲ್ಲ. ಸ್ವರ್ಗದ ವಿಷಯ ಹೇಳುತ್ತೇವೆ, ಮಾಡಿದ ಕೆಲಸದ ವಿಷಯ ಹೇಳುವುದಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿ.ಶ. 949-50ರ ಕಾಲದ್ದು. ಅದರಲ್ಲಿ ನೆನೆದಿರುವುದು ಒಂದು ನಾಯಿಯನ್ನು. ಕಾಳಿ ಎಂಬ ಆ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದನ್ನು ಮೆಚ್ಚಿ ಸಾಕಿದ್ದ ಮಣಲೆರನೆಂಬ ವೀರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಸಾವಿರ ವರ್ಷ ದಾಟಿದರೂ ನಾಯಿಯ ಹೆಸರು, ಅದು ಮಾಡಿದ ಕೆಲಸ ಉಳಿದಿವೆ. ಹೊಗಳಿಕೆಯ ಮಾತು ಎಷ್ಟಿತ್ತೆಂಬುದರಿಂದಲ್ಲ, ಇದ್ದದ್ದನ್ನು ಇದ್ದಂತೆ ಕೆತ್ತಿದ್ದರಿಂದ ಅದು ಉಳಿಯಿತು. ನಮ್ಮ ಅಕ್ಕಪಕ್ಕದ ತಮಿಳು ಬಂಧುಗಳಿಗೂ ಈ ಸಂಪ್ರದಾಯ ಹೊಸದಲ್ಲ. ಅವರ 'ನಡುಗಲ್' ಪದ್ಧತಿಯನ್ನು ತೊಲ್ಕಾಪ್ಪಿಯಂ ಕಲ್ಲು ಹುಡುಕುವುದರಿಂದ ಹಿಡಿದು ಹಂತ ಹಂತವಾಗಿ ಹೇಳುತ್ತದೆ.

ವೀರಗಲ್ಲು ದೊರೆಯುತ್ತಿದ್ದುದು ವೀರರಿಗೆ. ನಮ್ಮಂಥ ಸಾಮಾನ್ಯರಿಗೆ ಹಳೆಯ ಮೈಸೂರಿನ ಕಡೆ ಇನ್ನೊಂದು ಪದ್ಧತಿಯಿದೆ: ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದು. ಹೋದವರ ಪಟದ ಮುಂದೆ ಬಾಳೆಲೆ ಹಾಸಿ, ಅವರಿಗೆ ಏನು ಇಷ್ಟವೋ ಅದನ್ನೇ ಬಡಿಸುತ್ತಾರೆ. ಅಜ್ಜಿಗೆ ಕಜ್ಜಾಯ, ಎಲೆ ಅಡಿಕೆ. ತಾತನಿಗೆ ಮಾಂಸದ ಸಾರು. ಬೀಡಿ ಸೇದುತ್ತಿದ್ದರೆ ಬೀಡಿಕಟ್ಟು. ಕುಡಿಯುತ್ತಿದ್ದರೆ ಅದೂ ಉಂಟು. ಬದುಕಿದ್ದಾಗ ಆ ಬೀಡಿಗಾಗಿಯೇ ಮನೆಯವರು ಜಗಳವಾಡಿರಬಹುದು. ಎಡೆಯ ಹೊತ್ತಿಗೆ ಆ ಜಗಳವಿಲ್ಲ, ಬೀಡಿಯಂತೂ ಇದೆ. ತಾತ ಬೀಡಿ ಸೇದುತ್ತಿರಲಿಲ್ಲ ಎಂದು ಯಾರೂ ನಟಿಸುವುದಿಲ್ಲ. ನೆನೆಯುವುದೆಂದರೆ ಆ ಮನುಷ್ಯನನ್ನೇ ಕರೆಯುವುದು, ಅವನ ಬದಲು ಬೇರೊಬ್ಬ ಸಜ್ಜನನನ್ನಲ್ಲ ಎಂಬ ತಿಳಿವಳಿಕೆ ಈ ಪದ್ಧತಿಯಲ್ಲಿದೆ. ಯಾವ ಧರ್ಮಸೂಕ್ಷ್ಮದ ಗ್ರಂಥಕ್ಕೂ ಇದು ಕಡಿಮೆಯಲ್ಲ ಎಂದು ನನ್ನ ಭಾವನೆ.

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕು ಎಂಬ ಮಾತನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡೋಣ. ಆ ಮಾತಿನ ಹಿಂದೆ ಕರುಣೆಯಿದೆ, ನಿಜ. ಸತ್ತವನು ಎದ್ದು ಬಂದು ತನ್ನ ಪಕ್ಷವನ್ನು ಹೇಳಲಾರ. ಹಳೆಯ ದ್ವೇಷವನ್ನು ಅವನ ಬೂದಿಯ ಮೇಲೆ ತೀರಿಸಿಕೊಳ್ಳುವುದು ಹೇಡಿತನ. ಆದರೆ ಒಳ್ಳೆಯದನ್ನು ಆಡು ಎನ್ನುವುದಕ್ಕೂ ಇಲ್ಲದ್ದನ್ನು ಆಡು ಎನ್ನುವುದಕ್ಕೂ ಬಹಳ ದೂರವಿದೆ. ನಾನು ಬಿ.ಎಸ್‌ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೇಷ್ಟ್ರು ಮೊದಲು ಕಲಿಸಿದ ಪಾಠ ಇದು: ಬ್ಯೂರೆಟ್ಟಿನಲ್ಲಿ ಕಂಡ ಅಂಕಿಯನ್ನು ಬರೆ, ಬರಬೇಕಾಗಿದ್ದ ಅಂಕಿಯನ್ನಲ್ಲ. ಬರಬೇಕಾಗಿದ್ದ ಅಂಕಿ ಎಲ್ಲರ ಪುಸ್ತಕದಲ್ಲೂ ಒಂದೇ ಆಗಿರುತ್ತದೆ. ಅದರಿಂದ ಯಾವ ಉಪಯೋಗವೂ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಪರಿಚಯದ ಹಿರಿಯರೊಬ್ಬರು ಹಲವು ವರ್ಷ ಒಂದು ಸಣ್ಣ ಕನ್ನಡ ಕೂಟದ ಖಜಾಂಚಿಯಾಗಿದ್ದರು. ಅವರ ಕೈಲಿ ಹನ್ನೆರಡು ರೂಪಾಯಿಯ ರಸೀತಿ ಇಲ್ಲದೆ ಹಣ ಪಡೆದವರಿಲ್ಲ. ರಾಜ್ಯೋತ್ಸವದ ಹಿಂದಿನ ರಾತ್ರಿ ಶಾಮಿಯಾನದವನ ಲೆಕ್ಕ ತಾಳೆಯಾಗಲಿಲ್ಲವೆಂದು ಅಧ್ಯಕ್ಷರೊಡನೆ ಕೂಗಾಡಿ ಮನೆಗೆ ಹೋದವರು, ಬೆಳಿಗ್ಗೆ ಐದಕ್ಕೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. ಅವರು ತೀರಿಕೊಂಡಾಗ ಎಲ್ಲರೂ ಅವರನ್ನು 'ಮೃದುಭಾಷಿ' ಎಂದರು. ಸಭೆಯಲ್ಲಿದ್ದ ಅರ್ಧದಷ್ಟು ಜನ ಅವರ ಬೈಗುಳ ತಿಂದವರೇ! ಅವರ ಶ್ರೀಮತಿಯವರು ಆಮೇಲೆ ಮೆಲ್ಲಗೆ, "ನೀವು ಹೇಳಿದ್ದು ಯಾರ ವಿಷಯವೋ ನನಗೆ ಗೊತ್ತಾಗಲಿಲ್ಲ" ಎಂದರಂತೆ. ಆ ಬಿರುನುಡಿಯನ್ನು ತೆಗೆದುಹಾಕಿದರೆ ಪ್ರಾಮಾಣಿಕತೆಯೂ ತೋರಣವೂ ಅರ್ಥ ಕಳೆದುಕೊಳ್ಳುತ್ತವೆ. ಅವರ ಗುಣವೂ ದೋಷವೂ ಒಂದೇ ಬೇರಿನವು.

ಹಾಗೆಂದು ಎಲ್ಲವನ್ನೂ ಬಯಲಿಗೆ ತರಬೇಕೆ? ಇಲ್ಲ. ಮನೆಯೊಳಗಿನ ನೋವು, ಬದುಕಿರುವವರ ಮಾನಕ್ಕೆ ತಗಲುವ ಸಂಗತಿ, ಕೇವಲ ಕಿವಿಮಾತಾಗಿ ಬಂದದ್ದು - ಇವು ನಮ್ಮ ಬಾಯಿಗೆ ಸೇರಿದವಲ್ಲ. ನಾನು ಒಂದು ಸಣ್ಣ ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ: ಆ ವ್ಯಕ್ತಿ ಬದುಕಿದ್ದಾಗ ಯಾವುದನ್ನು ಮುಚ್ಚಿಡಲಿಲ್ಲವೋ ಅದನ್ನು ನಾವೂ ಮುಚ್ಚಬೇಕಾಗಿಲ್ಲ, ಯಾವುದನ್ನು ಮುಚ್ಚಿಟ್ಟರೋ ಅದನ್ನು ತೆರೆಯುವ ಅಧಿಕಾರ ನಮಗಿಲ್ಲ. ಕೆಲವು ಮನೆಗಳವರು, ತಂದೆ ಮೊದಲು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದರೆಂಬುದನ್ನು ಬರೆಯಬೇಡಿ ಎನ್ನುವುದುಂಟು. ತಂದೆಯೋ ಅದನ್ನು ಹೆಮ್ಮೆಯಿಂದ ಹತ್ತಾರು ಸಲ ಹೇಳಿಕೊಂಡಿರುತ್ತಾರೆ. ಅಲ್ಲಿ ಯಾರ ಮಾತನ್ನು ನಡೆಸಬೇಕು? ಮಕ್ಕಳೊಡನೆ ಕುಳಿತು, ಜಗಳವಾಡದೆ, ಅವರ ತಂದೆಯ ಪರವಾಗಿ ನಾಲ್ಕು ಮಾತು ಹೇಳುವುದು ಸಂಘದ ಹಿರಿಯರ ಕೆಲಸ. ಕೊನೆಗೂ ಅವರು ಒಪ್ಪದಿದ್ದರೆ ಬರೆಯದೆ ಬಿಡಬೇಕು. ಆದರೆ ಅದರ ಬದಲು ಸುಳ್ಳನ್ನು ಬರೆಯಬಾರದು.

ಈ ರೀತಿಯ ಬರವಣಿಗೆಗೆ ಕನ್ನಡದಲ್ಲಿ ದೊಡ್ಡ ಮಾದರಿಯೇ ಇದೆ. ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ದಿವಾನರಿಗೆ ಒಂದು ಸಂಪುಟವಿದೆ. ವೈದಿಕ ಸಂಪ್ರದಾಯಸ್ಥರಿಗೂ ಒಂದಿದೆ, 'ಹೃದಯ ಸಂಪನ್ನರು' ಎಂದು ಅವರು ಕರೆದವರಿಗೂ ಒಂದಿದೆ. ಆ ಕೊನೆಯ ಹೆಸರನ್ನು ನೋಡಿ. ಅಧಿಕಾರವಿಲ್ಲದಿದ್ದರೂ, ಪದವಿಯಿಲ್ಲದಿದ್ದರೂ ಹೃದಯವೊಂದಿದ್ದರೆ ಚಿತ್ರಶಾಲೆಯಲ್ಲಿ ಸ್ಥಾನವುಂಟು ಎಂದಾಯಿತು.

ಇದರಿಂದ ಮುಂದಿನ ಪ್ರಶ್ನೆ: ಯಾರನ್ನು ನೆನೆಯಬೇಕು? ನಮ್ಮ ಊರಿನ ಕಥೆಯನ್ನೇ ತೆಗೆದುಕೊಳ್ಳಿ. ಉಡುಪಿಯ ಕಡೆಯಿಂದ ಬಡವರಾಗಿ ಬಂದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕೆ. ಕೃಷ್ಣರಾಯರ ಹೆಸರು ಈ ನಗರದ ಚರಿತ್ರೆಯಲ್ಲಿದೆ, ಇರಬೇಕಾದದ್ದೇ. ಅವರ ಸಂಸ್ಥೆಯ ಡ್ರೈವ್-ಇನ್ 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಮೈಸೂರು ಪೇಟ ಧರಿಸಿ, ಜೇಬಿನ ತುಂಬ ಪೆನ್ನುಗಳನ್ನಿಟ್ಟುಕೊಂಡು ಪಿ.ಬಿ. ಶ್ರೀನಿವಾಸರು ಗಂಟೆಗಟ್ಟಲೆ ಕುಳಿತು ಬರೆಯುತ್ತಿದ್ದುದು ಅಲ್ಲೇ. ಅವರ ಮನೆಮಾತು ತೆಲುಗು. ಆದರೆ 2013ರ ಏಪ್ರಿಲಿನಲ್ಲಿ ಅವರು ಈ ಊರಿನಲ್ಲಿ ತೀರಿಕೊಂಡಾಗ ಕನ್ನಡ ಮನೆಗಳಲ್ಲೆಲ್ಲ ತಮ್ಮವರೇ ಹೋದಂತಾಯಿತು. ಆ ಜಾಗದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಇಷ್ಟೆಲ್ಲ ನಮಗೆ ಗೊತ್ತು. ಆದರೆ ಈ ಊರಿನ ಉಡುಪಿ ಹೋಟೆಲುಗಳಲ್ಲಿ ನಸುಕಿಗೆ ಎದ್ದು ಹಿಟ್ಟು ರುಬ್ಬಿದ ಮಾಣಿಗಳು? ಹತ್ತು ಹನ್ನೆರಡರ ವಯಸ್ಸಿಗೆ ಮನೆ ಬಿಟ್ಟು ಬಂದು, ಒಲೆಯ ಹಿಂದೆ ಮಲಗಿ, ತಂಗಿಯರ ಮದುವೆ ಮಾಡಿಸಿ, ಕೆಲವರು ತಾವು ಮದುವೆಯಾಗದೆಯೇ ಮುದುಕರಾದವರು? ಮದರಾಸಿನ ಬೆಳಗಿನ ತಿಂಡಿ ಇಡೀ ಭಾರತಕ್ಕೆ ಹೆಸರಾದದ್ದರಲ್ಲಿ ಅವರ ರಟ್ಟೆಯ ಪಾಲಿದೆ. ಅವರಿಗೆ ಶ್ರಾದ್ಧ ಮಾಡುವ ಮಕ್ಕಳಿಲ್ಲ; ಮೌನ ಆಚರಿಸುವ ಸಭೆಯೂ ಇಲ್ಲ, ಏಕೆಂದರೆ ಚಂದಾ ಕಟ್ಟಿ ಸದಸ್ಯರಾಗುವಷ್ಟು ಬಿಡುವೇ ಅವರಿಗಿರಲಿಲ್ಲ.

ಹೆಂಗಸರ ವಿಷಯವೂ ಹೀಗೆಯೇ. 'ದಿವಂಗತ ಇಂಥವರ ಧರ್ಮಪತ್ನಿ' ಎಂದು ಒಂದು ಸಾಲು ಬಂದರೆ ಹೆಚ್ಚು. ಭಾಷೆ ಬಾರದ ಊರಿಗೆ ಇಪ್ಪತ್ತರ ವಯಸ್ಸಿನಲ್ಲಿ ಬಂದು, ತರಕಾರಿಯವಳಿಂದ ತಮಿಳು ಕಲಿತು, ಮಕ್ಕಳಿಗೆ ರಾತ್ರಿ ಊಟದ ಹೊತ್ತಿನಲ್ಲಿ ಕನ್ನಡ ಕಲಿಸಿ, ಊರಿನಿಂದ ಪರೀಕ್ಷೆಗೆ, ಆಸ್ಪತ್ರೆಗೆ ಬಂದವರಿಗೆಲ್ಲ ಚಾಪೆ ಹಾಸಿದವರು ಅವರು. ನಮ್ಮ ಮಕ್ಕಳ ಬಾಯಲ್ಲಿ ಈಗ ಉಳಿದಿರುವ ಅಷ್ಟಿಷ್ಟು ಕನ್ನಡಕ್ಕೆ ಯಾವ ಸಂಘಕ್ಕಿಂತಲೂ ಹೆಚ್ಚಾಗಿ ಅವರು ಕಾರಣ. ಮನೆಯಲ್ಲಿ ಶ್ರಾದ್ಧದ ದಿನ ಪುರೋಹಿತರು ಮುತ್ತಜ್ಜಿಯ ಹೆಸರೇನು ಎಂದಾಗ ಎಷ್ಟು ಜನ ತಡವರಿಸದೆ ಹೇಳುತ್ತೇವೆ?

ಮಕ್ಕಳಿಲ್ಲದವರನ್ನು ನೆನೆಯಲು ಶಾಸ್ತ್ರವೂ ಅಡ್ಡಿ ಮಾಡಿಲ್ಲ. ಮಹಾಲಯದ ತರ್ಪಣದಲ್ಲಿ ತಂದೆತಾಯಿಗಳ ಕುಲವನ್ನು ದಾಟಿ, ಗುರುಗಳಿಗೂ ಸ್ನೇಹಿತರಿಗೂ ನೀರು ಬಿಡುವ ಕ್ರಮವಿದೆ. ಕಾರುಣ್ಯ ಪಿತೃಗಳೆಂದು ಅವರಿಗೆ ಹೆಸರು. ಶ್ರಾದ್ಧವನ್ನು ಒಪ್ಪದ ಶರಣ ಸಂಪ್ರದಾಯದ ಮನೆಗಳಲ್ಲಿ ಸ್ಮರಣೆ, ದಾಸೋಹಗಳುಂಟು. ನಮ್ಮ ಕ್ರೈಸ್ತ ಬಂಧುಗಳು ನವೆಂಬರ್ 2ರಂದು ಸಕಲ ಮೃತರನ್ನೂ ನೆನೆದು ಸಮಾಧಿಗೆ ದೀಪ ಹಚ್ಚುತ್ತಾರೆ. ದಾರಿಗಳು ಬೇರೆಯಾದರೂ ರಕ್ತಸಂಬಂಧದ ಗೆರೆಯನ್ನು ದಾಟಬೇಕೆಂಬ ಮಾತು ಎಲ್ಲರಲ್ಲೂ ಇದೆ.

ಆ ಗೆರೆಯನ್ನು ದಾಟಿದ ಒಬ್ಬ ಕನ್ನಡ ಹೆಣ್ಣುಮಗಳು ಈ ಊರಿನಲ್ಲೇ ಇದ್ದರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಸಂಗೀತದಲ್ಲಿ ಹೆಸರು ಮಾಡಿ ಮದರಾಸಿಗೆ ಬಂದು ನೆಲೆಸಿದ ಬೆಂಗಳೂರು ನಾಗರತ್ನಮ್ಮನವರು. ತಿರುವಯ್ಯಾರಿನಲ್ಲಿ 1847ರಲ್ಲಿ ದೇಹಬಿಟ್ಟ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ತಿಳಿದು, ತಮ್ಮ ಗಳಿಕೆಯನ್ನೂ ಒಡವೆಗಳನ್ನೂ ಸುರಿದು, ನೆಲವನ್ನು ಪಡೆದು ಗುಡಿ ಕಟ್ಟಿಸಿದರು. ಅದರ ಪ್ರತಿಷ್ಠೆ 1925ರಲ್ಲಿ ಆಯಿತು. ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲವೆಂದಾಗ, ಹೆಂಗಸರನ್ನೇ ಕೂಡಿಸಿ ಬೇರೆಯಾಗಿ ಹಾಡಿಸಿದರು. ಅವರು 1952ರಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಇದೆ. ತೆಲುಗಿನಲ್ಲಿ ಹಾಡಿದ ಮಹಾನುಭಾವರನ್ನು ತಮಿಳು ನೆಲದಲ್ಲಿ ಕನ್ನಡದ ಹೆಣ್ಣುಮಗಳೊಬ್ಬರು ಮರೆವಿನಿಂದ ಎತ್ತಿದರು. ಅವರಿಗೆ ತ್ಯಾಗರಾಜರು ಕುಲದವರಲ್ಲ, ಕಂಡವರಲ್ಲ. ಪಡೆದ ಸಂಗೀತವೊಂದೇ ಸಂಬಂಧ, ಅದೇ ಋಣ. ವಾರಸುದಾರರೆಂದರೆ ಆಸ್ತಿ ಪಡೆದವರು ಮಾತ್ರವಲ್ಲ, ನೆನಪನ್ನು ಹೊತ್ತವರೂ ಹೌದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಎಲ್ಲರನ್ನೂ ಎಂದೆಂದಿಗೂ ನೆನಪಿಡುವುದು ಸಾಧ್ಯವೆ ಎಂದರೆ, ಇಲ್ಲ. ಬೇಕಾಗಿಯೂ ಇಲ್ಲ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರೇ ತಲೆಮಾರನ್ನು ಹೆಸರು ಹಿಡಿದು ಕರೆಯುತ್ತೇವೆ. ಮರೆವಿಗೂ ಅಲ್ಲಿ ಒಂದು ಮರ್ಯಾದೆಯ ಸ್ಥಾನ ಕೊಟ್ಟಿದ್ದಾರೆ. ಕಂಡವರು, ಅವರ ಮಕ್ಕಳು, ಮೊಮ್ಮಕ್ಕಳು ಇರುವವರೆಗೆ ಹೆಸರು ಉಳಿಯಲಿ. ಆಮೇಲೆ ಅದು ಸಮುದಾಯದ ಕಥೆಯಲ್ಲಿ ಕರಗಲಿ. ತಪ್ಪಿರುವುದು ಮೂರು ತಲೆಮಾರಿನ ಬಳಿಕ ಮರೆಯುವುದರಲ್ಲಿ ಅಲ್ಲ, ಮೂರು ತಿಂಗಳಲ್ಲಿ ಮರೆಯುವುದರಲ್ಲಿ. ನನ್ನ ಹೆಸರನ್ನು ಎಲ್ಲೂ ಹಾಕಬೇಡಿ ಎಂದು ಹೇಳಿಹೋದವರೂ ಇರುತ್ತಾರೆ; ಅವರ ಮಾತನ್ನು ನಡೆಸುವುದೇ ಅವರಿಗೆ ಸಲ್ಲಿಸುವ ಗೌರವ.

ಇನ್ನು ಮಾಡಬಹುದಾದ ಕೆಲಸದ ಮಾತು. ದೊಡ್ಡ ಯೋಜನೆಗಳು ಬೇಡ. ಸ್ಮಾರಕ ನಿಧಿ, ಸ್ಮಾರಕ ಭವನಗಳ ಗತಿ ನಮಗೆ ಗೊತ್ತೇ ಇದೆ. ಒಂದು ದಪ್ಪ ನೋಟ್‌ಬುಕ್ಕು ಸಾಕು. ತೀರಿಕೊಂಡವರೊಬ್ಬರಿಗೆ ಅದರಲ್ಲಿ ಎರಡು ಪುಟ. ಹುಟ್ಟಿದ ಊರು ಯಾವುದು, ಮದರಾಸಿಗೆ ಯಾವ ವರ್ಷ ಏಕೆ ಬಂದರು, ಮೊದಲ ರಾತ್ರಿ ಎಲ್ಲಿ ಮ‌ಲಗಿದರು, ಏನು ಕೆಲಸ ಮಾಡಿದರು, ಯಾರಿಗೆ ನೆರವಾದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಪದೇ ಪದೇ ಆಡುತ್ತಿದ್ದ ಮಾತು ಯಾವುದು. ಬರೆಯುವವರು ಒಂದು ನಿಯಮ ಪಾಲಿಸಲಿ: ಬೇರೆ ಯಾರಿಗೂ ಅನ್ವಯಿಸದ ಒಂದು ಸಂಗತಿಯಾದರೂ ಅದರಲ್ಲಿರಬೇಕು. ಅದರ ಕೆಳಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಸೇರಿಸಿದರೆ, ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೂ ಅದು ತಲುಪುತ್ತದೆ. ಮನೆಯಲ್ಲಿರುವ ಹಳೆಯ ಫೋಟೋಗಳ ಹಿಂದೆ ಯಾರು ಯಾರು ಎಂದು ಮೆತ್ತಗೆ ಪೆನ್ಸಿಲಿನಲ್ಲಿ ಬರೆದಿಡಿ. ಹೆಸರು ಹೇಳಬಲ್ಲವರು ಹೋದ ಮೇಲೆ ಆ ಫೋಟೋ ಬರಿಯ ಕಾಗದ.

ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರು ಬದುಕಿರುವಾಗಲೇ ಕೇಳಬೇಕು. ನಮ್ಮ ಮೊಬೈಲುಗಳಲ್ಲಿ ಎಷ್ಟೋ ಕೆಲಸಕ್ಕೆ ಬಾರದ ವಿಡಿಯೋಗಳಿವೆ. ಅಮ್ಮನದೋ, ಪಕ್ಕದ ಬೀದಿಯ ರಾಯರದೋ ಧ್ವನಿ ಅರ್ಧ ಗಂಟೆಯಷ್ಟು ಇದೆಯೆ ಎಂದು ಒಮ್ಮೆ ನೋಡಿಕೊಳ್ಳೋಣ. ಕೇಳಿದರೆ ಹೇಳುತ್ತಾರೆ, ಕೇಳುವವರಿಲ್ಲವೆಂದೇ ಸುಮ್ಮನಿದ್ದಾರೆ. ಕೇಳಿಸಿಕೊಂಡವರ ಮುಖ ನೋಡಿ ಅವರಿಗೆ ಆಗುವ ಸಂತೋಷ, ಸತ್ತ ಮೇಲೆ ನಾವು ಹೇಳುವ ಎಷ್ಟು ಒಳ್ಳೆಯ ಮಾತಿಗೂ ಆಗಲಾರದು. ಸತ್ತವರಿಗೆ ತಿಳಿಯುವುದಿಲ್ಲವೆಂಬ ಆಕ್ಷೇಪಕ್ಕೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚಿಲ್ಲ.

ಮೌನಾಚರಣೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮೌನಕ್ಕೆ ಮುಂಚೆ, ಅಗಲಿದ ಒಬ್ಬೊಬ್ಬರ ಬಗ್ಗೆಯೂ ಅವರನ್ನು ಚೆನ್ನಾಗಿ ಬಲ್ಲವರೊಬ್ಬರು ಎದ್ದು ಒಂದು ನಿಜವಾದ ಸಂಗತಿಯನ್ನು ಹೇಳಲಿ. ಆಮೇಲೆ ನಾವು ನಿಲ್ಲುವ ನಲವತ್ತು ಸೆಕೆಂಡಿನಲ್ಲಿ ಯಾರನ್ನು ನೆನೆಯುತ್ತಿದ್ದೇವೆಂಬುದಾದರೂ ನಮಗೆ ತಿಳಿದಿರುತ್ತದೆ. ಓದುಗರು ತಮ್ಮ ತಮ್ಮ ಮನೆಯ, ಬೀದಿಯ, ಕಚೇರಿಯ ಇಂಥ ಹಿರಿಯರೊಬ್ಬರ ವಿಷಯ ಎರಡು ಪುಟ ಬರೆದು ಸಂಪಾದಕರಿಗೆ ಕಳುಹಿಸಿಕೊಟ್ಟರೆ, ಆ ನೋಟ್‌ಬುಕ್ಕಿನ ಮೊದಲ ಪುಟಗಳು ಈ ಪತ್ರಿಕೆಯಲ್ಲೇ ಆರಂಭವಾಗಬಹುದು.